ವೈದ್ಯನೂ ಶೋಧಕನೂ

ಧಾರವಾಡದ ನಿವೃತ್ತ ಶಿರಸ್ತೇದಾರರೊಬ್ಬರ ಮೊಮ್ಮಗನು ಅಮೇರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಹುಟ್ಟಿ ಬೆಳೆದವನು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಮೇಲೆ ಅವನು ವೈದ್ಯಕೀಯ ಕಾಲೇಜನ್ನು ಸೇರದೆ ಪ್ರಯೋಗಶಾಲೆಯೊಂದರಲ್ಲಿ ಸಹಾಯಕನಾಗಿ ನಿಂತನೆಂಬ ವಾರ್ತೆ ಮುಟ್ಟಿದಾಗ, ಮುದುಕರು ರವಿವಾರದ ದೂರವಾಣಿಯಲ್ಲಿ, “ಡಾಕ್ಟರ್ ಆಗೋದು ಬಿಟ್ಟು ಇಲಿ ಕಾಯಲಿಕ್ಕೆ ಕುಂತೇನೋ ತಮ್ಮಾ?” ಎಂದು ಕೇಳಿಯೇ ಬಿಟ್ಟರು. “ಎರಡು ವರ್ಷ ತಡೀರಿ ಅಜ್ಜಾ, ಎರಡೂ ಆಗಬೇಕಂತ ಮಾಡೀನಿ” ಎಂದು ಹುಡುಗನು ನಕ್ಕನು.

ಎರಡೂ ಎಂದರೆ ವೈದ್ಯಪದವಿ ಮತ್ತು ಸಂಶೋಧನೆಯ ಡಾಕ್ಟರ್ ಪದವಿ. ಇವನ್ನು ಒಂದೇ ವ್ಯಾಸಂಗದಲ್ಲಿ ಕೂಡಿಸುವ ಪದ್ಧತಿಯು ಅದೇ ಊರಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದಲ್ಲಿ 1956ರಲ್ಲಿ ಮೊದಲಾಯಿತು. 1964ರಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಮೂರು ವಿದ್ಯಾಲಯಗಳಿಗೆ ಇದಕ್ಕಾಗಿ ದ್ರವ್ಯಸಹಾಯವನ್ನು ಕೊಡಲಾರಂಭಿಸಿತು. ತರುವಾಯ ಆ ಸಂಖ್ಯೆ ಬಹಳ ಬೆಳೆಯಿತು. ಎರಡು ವರ್ಷ ಶಾಸ್ತ್ರಪಾಠ, ನಾಲ್ಕು ವರ್ಷದಷ್ಟು ಸಂಶೋಧನೆ, ಮತ್ತೆರಡು ವರ್ಷ ರೋಗಿಗಳ ಬಳಿಯ ಶಿಕ್ಷಣ, ಹೀಗೆ ಸುಮಾರು ಎಂಟು ವರ್ಷಗಳ ತಪಸ್ಸು. ಶಾಸ್ತ್ರವನ್ನಷ್ಟೇ ಅಥವಾ ಕರ್ಮವನ್ನಷ್ಟೇ ಬಲ್ಲ ವೈದ್ಯನನ್ನು ಸುಶ್ರುತಸಂಹಿತೆಯು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿರುವುದನ್ನು ಬಲ್ಲವರಿಗೆ ಈ ಏರ್ಪಾಡು ತೀರ ವಿಚಿತ್ರವೆನಿಸದು.

ಪ್ರವೇಶಪರೀಕ್ಷೆಗೆ ಹುಡುಗನು ಒಂದು ಬೇಸಗೆಯನ್ನೆಲ್ಲ ಸವೆಸಿದನು. ಅದರಲ್ಲಿ ಅಂಕಗಳು 472ರಿಂದ ಮೊದಲಾಗಿ 528ಕ್ಕೆ ಮುಗಿಯುತ್ತವೆ. (ಸೊನ್ನೆಯಿಂದ ಎಣಿಸದ ಈ ಲೆಕ್ಕವು ಶಿರಸ್ತೇದಾರರಿಗೆ ಕೊನೆಗೂ ಹಿಡಿಸಲಿಲ್ಲ.) ಶನಿವಾರಗಳಂದು ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಕುರ್ಚಿಗಳನ್ನು ತಳ್ಳಿದನು. ಇವೆಲ್ಲವೂ ಸಾಧ್ಯವಾದುವು. ಬರೆಯುವುದೊಂದೇ ಆಗದಾಯಿತು.

ಎರಡು ಪದವಿಗಳನ್ನೂ ಬಯಸುವವನು ಎಲ್ಲರಂತೆ ಬರೆಯುವ ಆತ್ಮನಿವೇದನೆಯಲ್ಲದೆ ಇನ್ನೆರಡು ಪ್ರಬಂಧಗಳನ್ನು ಕಳುಹಬೇಕು. ಮಾಡಿದ ಸಂಶೋಧನೆಯನ್ನು ಕುರಿತದ್ದು ಒಂದು. ಎರಡು ಪದವಿಗಳೇಕೆಂಬುದು ಇನ್ನೊಂದು. ಈ ಎರಡನೆಯದರಲ್ಲಿ ಅವನು ತನ್ನ ಅಜ್ಜಿಯ ಕಥೆಯನ್ನು ಬರೆದನು. ಆಕೆ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತ, ಧಾರವಾಡದಲ್ಲಿ ತೀರಿಕೊಂಡಿದ್ದರು. ಓದಿದವರ ಕಣ್ಣು ತೇವವಾಗುವಂತಿದ್ದಿತು ಆ ಬರಹ. ಪ್ರಯೋಗಶಾಲೆಯ ಹಿರಿಯ ಪ್ರಾಧ್ಯಾಪಿಕೆಯು ಅದನ್ನು ಎರಡು ಬಾರಿ ಓದಿ, “ನೀನು ವೈದ್ಯನೇಕಾಗಬೇಕೆಂಬುದು ತಿಳಿಯಿತು. ಪ್ರಯೋಗಶಾಲೆ ಏಕೆ ಬೇಕೆಂಬುದು ಇದರಲ್ಲಿ ಎಲ್ಲಿದೆ?” ಎಂದು ಕೇಳಿ ಕಾಗದವನ್ನು ಹಿಂದಿರುಗಿಸಿದರು. ನಿಷ್ಠುರವಾದ ಮಾತು, ಆದರೆ ನ್ಯಾಯವಾದದ್ದು. ಒಂದು ವಾರ ಅವನು ಲೇಖನಿಯನ್ನೇ ಮುಟ್ಟಲಿಲ್ಲ.

ಆಮೇಲೆ ತನ್ನ ದಿನಚರಿಯ ಪುಸ್ತಕವನ್ನು ತೆರೆದನು. ಇಲಿಯ ಮೂತ್ರಪಿಂಡದ ತೆಳುಹಲ್ಲೆಗಳಲ್ಲಿ ರೋಗದಿಂದ ಗಡುಸಾದ ಭಾಗವನ್ನು ಬಣ್ಣದಿಂದ ಗುರುತಿಸುವುದು ಅವನ ಕೆಲಸವಾಗಿದ್ದಿತು. ಮೂರು ತಿಂಗಳು ಆರೋಗ್ಯವಾದ ಹಲ್ಲೆಗಳೂ ಬಣ್ಣ ಹಿಡಿಯುತ್ತಲೇ ಇದ್ದುವು. ದ್ರಾವಣವನ್ನು ಬದಲಿಸಿದನು, ಶಾಖವನ್ನು ಬದಲಿಸಿದನು, ತನ್ನ ಕೈಯನ್ನೇ ಹಳಿದುಕೊಂಡನು. ಈ ಕ್ರಮದಲ್ಲಿ ಮೊದಲನೆಯ ಪ್ರತಿಕಾಯವು ಗುರಿಯನ್ನು ಹಿಡಿಯುವುದು, ಬಣ್ಣ ಹೊತ್ತ ಎರಡನೆಯದು ಮೊದಲನೆಯದನ್ನು ಹಿಡಿಯುವುದು. ಒಂದು ರಾತ್ರಿ ಮೊದಲನೆಯದನ್ನು ಹಾಕದೆ ಎರಡನೆಯದನ್ನಷ್ಟೇ ಹಾಕಿ ನೋಡಿದನು. ಆಗಲೂ ಬಣ್ಣವಿದ್ದಿತು! ಮೊದಲನೆಯ ಪ್ರತಿಕಾಯವೂ ಇಲಿಯಿಂದಲೇ ಬಂದದ್ದಾದುದರಿಂದ, ಎರಡನೆಯದು ಅದನ್ನೂ ಹಲ್ಲೆಯಲ್ಲಿದ್ದ ಇಲಿಯ ಸ್ವಂತ ಪ್ರತಿಕಾಯಗಳನ್ನೂ ಒಂದೇ ಎಂದು ಬಗೆದು ಹಿಡಿಯುತ್ತಿದ್ದಿತು. ಬಲ್ಲವರಿಗೆ ಇದು ಹಳೆಯ ಮೋಸವೇ, ಶೋಧವೇನಲ್ಲ. ಆದರೆ ಆ ರಾತ್ರಿ ಅವನಿಗೆ ಮನೆಗೆ ಹೋಗಬೇಕೆಂದೇ ತೋರಿರಲಿಲ್ಲ. ಬೆಳಗಿನವರೆಗೆ ಮುಂದಿನ ಪ್ರಯೋಗದ ಪಟ್ಟಿಯನ್ನು ಬರೆಯುತ್ತ ಕುಳಿತಿದ್ದನು.

ಅದನ್ನೇ ಬರೆದನು. ಅಜ್ಜಿಗೆ ಒಂದು ವಾಕ್ಯ ಮಾತ್ರ ಉಳಿಯಿತು.

ಜೂನ್ ತಿಂಗಳಲ್ಲಿ ಅರ್ಜಿ ಹೋಯಿತು. ಮುಂದಿನ ರವಿವಾರ ಮೊಮ್ಮಗನು ಆ ಬರಹವನ್ನು ಕನ್ನಡದಲ್ಲಿ ತಡವರಿಸುತ್ತ ಹೇಳಿದಾಗ ಶಿರಸ್ತೇದಾರರು ಬಹಳ ಹೊತ್ತು ಸುಮ್ಮನಿದ್ದರು. ಹೆಂಡತಿಯ ಹೆಸರು ಬಂದ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಪ್ರವೇಶದ ಮಾತನ್ನೆತ್ತದೆ, “ಹಂಗಾದ್ರ ಆ ಬಣ್ಣ ಈಗ ಸರಿಯಾಗಿ ಹತ್ತತದೇನು?” ಎಂದು ಕೇಳಿದರು.