ನೀರೊಳಗಿನ ಹರ್ಮುಖ

ಮೊನ್ನೆ ಪರಿಚಿತರೊಬ್ಬರು ಮೊಬೈಲ್ ಚಾಚಿ ಕಾಶ್ಮೀರದ ನುಂದಕೋಲ್ ಸರೋವರದ ಫೋಟೋ ತೋರಿಸಿದರು. ಮೇಲೆ ಹರ್ಮುಖ ಪರ್ವತ, ಕೆಳಗೆ ನೀರಿನಲ್ಲಿ ಅದರ ಬಿಂಬ. ಸುತ್ತಲಿದ್ದವರೆಲ್ಲ ಆಹಾ ಎಂದರು. ನನಗೆ ಮೈ ಉರಿಯಿತು. ಆ ಬಿಂಬ ಸರೋವರ ಕೊಟ್ಟದ್ದಲ್ಲ. ಮೇಲಿನ ಬೆಟ್ಟವನ್ನೇ ಸಾಫ್ಟ್‌ವೇರ್‌ನಲ್ಲಿ ತಲೆಕೆಳಗು ಮಾಡಿ ಅಂಟಿಸಿದ್ದು.

ಗುರುತು ಹಿಡಿಯುವುದೇನೂ ಕಷ್ಟವಲ್ಲ. ದಡದಲ್ಲಿ ನಿಂತು ಐದಡಿ ಎತ್ತರದಿಂದ ಕ್ಲಿಕ್ಕಿಸಿದರೆ, ನೀರಿನ ಬಿಂಬ ಅದೇ ಬೆಟ್ಟವನ್ನು ನೀರಿನ ಮಟ್ಟಕ್ಕಿಂತ ಐದಡಿ ಕೆಳಗಿನಿಂದ ಕಂಡಂತೆ ತೋರಿಸುತ್ತದೆ. ಹಾಗಾಗಿ ಹತ್ತಿರದಲ್ಲಿ ನೀರಿನಿಂದ ತಲೆಯೆತ್ತಿದ ಬಂಡೆಯೊಂದಿದ್ದರೆ ಬಿಂಬದಲ್ಲಿ ಅದು ಇನ್ನೂ ಮುಂದಕ್ಕೆ ಚಾಚಿ, ಹಿಂದಿನ ಇಳಿಜಾರನ್ನು ಹೆಚ್ಚು ಮುಚ್ಚುತ್ತದೆ. ಮೇಲೆ ಕಾಣುವ ಹಿಮದ ಪಟ್ಟಿ ಕೆಳಗೆ ಅರ್ಧ ಮರೆಯಾಗುತ್ತದೆ. ಬಿಂಬದ ಬೆಳಕೂ ಒಂದಿಷ್ಟು ಮಂಕು, ಏಕೆಂದರೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ನೀರು ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಫೋಟೋದಲ್ಲಿ ಹಿಮದ ಪಟ್ಟಿ ಎರಡೂ ಕಡೆ ಪೂರ್ತಿಯಾಗಿತ್ತು, ಬೆಳಕೂ ಸಮಸಮ. ಸರೋವರ ಬೆಟ್ಟದ ನಕಲು ಮಾಡುವುದಿಲ್ಲ, ನಮ್ಮ ಕಣ್ಣಿಗೆ ನಿಲುಕದ ಇನ್ನೊಂದು ಕೋನವನ್ನು ತೋರಿಸುತ್ತದೆ. ಅದನ್ನು ಅಳಿಸಿ ಹಾಕಿದ ಮೇಲೆ ಅಷ್ಟು ದೂರ ನಡೆದದ್ದೇಕೆ?

ಎರಡು ಬೆಟ್ಟಗಳೂ ಒಂದೇ ಥರ ಕಾಣಬೇಕೆಂಬ ಆಸೆಯಿದ್ದರೆ ಅದಕ್ಕೆ ಪ್ರಾಮಾಣಿಕ ದಾರಿಯಿದೆ. ದಡದ ಒದ್ದೆ ಕಲ್ಲುಗಳ ಮೇಲೆ ಬೋರಲು ಮಲಗಿ, ಲೆನ್ಸನ್ನು ನೀರಿನಿಂದ ಒಂದು ಗೇಣಿನಷ್ಟಕ್ಕೆ ಇಳಿಸಬೇಕು. ಇಳಿಸಿದಷ್ಟೂ ಎರಡು ನೋಟಗಳು ಹತ್ತಿರವಾಗುತ್ತವೆ. ಅಂಗಿ ಒದ್ದೆಯಾಗುತ್ತದೆ, ಬೆರಳು ಮರಗಟ್ಟುತ್ತದೆ. ನನಗೆ ಆ ಗಳಿಗೆಯಷ್ಟು ಇಷ್ಟವಾದದ್ದು ಈ ಹವ್ಯಾಸದಲ್ಲಿ ಬೇರೆ ಇಲ್ಲ. ಬೆಳಗಿನ ಮೊದಲ ಬಿಸಿಲು 5,142 ಮೀಟರ್ ಎತ್ತರದ ಹರ್ಮುಖದ ನೆತ್ತಿಗೆ ಬಿದ್ದು, ಸರೋವರ ಇನ್ನೂ ನೆರಳಿನಲ್ಲಿರುವಾಗ ಬಿಂಬ ಅತ್ಯಂತ ಗಾಢ. ಇಳಿಜಾರುಗಳು ಕಾದವೆಂದರೆ ಗಾಳಿ ಏಳುತ್ತದೆ, ಆಟ ಮುಗಿಯುತ್ತದೆ.

ಪೋಲರೈಸರ್ ಭಕ್ತರ ಮೇಲೂ ನನಗೆ ಸಿಟ್ಟಿದೆ. ಆಕಾಶ ಕಡುನೀಲಿಯಾಗಲಿ ಎಂದು ಫಿಲ್ಟರನ್ನು ಕೊನೆತನಕ ತಿರುಗಿಸುತ್ತಾರೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ಬರುವ ಪ್ರತಿಫಲನವನ್ನು ಅದು ಪೂರ್ತಿ ನುಂಗಬಲ್ಲದು. ಬೆಟ್ಟ ಎತ್ತರವಾಗಿ, ಹತ್ತಿರವಾಗಿ ನಿಂತಷ್ಟೂ ಶಿಖರದ ಬಿಂಬ ಆ ಕೋನದ ಕಡೆಗೇ ಸರಿಯುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿ: ಕಾಲಬುಡದ ನೀರಡಿಯ ಕಲ್ಲುಗಳೂ ಕಾಣುತ್ತವೆ, ಆಚೆ ಹರ್ಮುಖವೂ ಉಳಿಯುತ್ತದೆ.

ಸೋನಮಾರ್ಗ್‌ನಿಂದ ನಾರಾನಾಗ್‌ಗೆ ಸಾಗುವ ಚಾರಣದಲ್ಲಿ ವಿಷನ್‌ಸರ್, ಕೃಷನ್‌ಸರ್, ಗಡ್‌ಸರ್ ಸರೋವರಗಳನ್ನು ದಾಟಿಯೇ ನುಂದಕೋಲ್‌ಗೆ ಬರಬೇಕು. ನುಂದಕೋಲ್‌ನ ಪಕ್ಕದಲ್ಲೇ ಇರುವ ಗಂಗಾಬಲ್ ಕಾಶ್ಮೀರಿ ಪಂಡಿತರಿಗೆ ತೀರ್ಥ; ಅಗಲಿದವರ ಅಸ್ಥಿ ವಿಸರ್ಜಿಸುತ್ತಿದ್ದ ನೀರು ಅದು. ಬೇಸಿಗೆಯಲ್ಲಿ ಬಕರ್ವಾಲರ ಕುರಿ-ಮೇಕೆಗಳು ಈ ಎತ್ತರದ ಹುಲ್ಲುಗಾವಲುಗಳಿಗೆ ಬರುತ್ತವೆ. ಮೇಕೆಯೊಂದು ಮೂತಿ ಅದ್ದಿದರೆ ಸಣ್ಣ ಬಳೆಗಳೆದ್ದು ಹರ್ಮುಖದ ತುದಿ ತುಂಡುತುಂಡಾಗಿ ನಡುಗುತ್ತದೆ. ಅದೂ ಚಿತ್ರವೇ. ಆದರೆ ಸೆಲ್ಫಿಗೆಂದು ಕಲ್ಲೆಸೆದು ಅಲೆ ಎಬ್ಬಿಸುವವರನ್ನು ನಾನು ಕ್ಷಮಿಸಲಾರೆ. ಪಕ್ಕದಲ್ಲಿ ಇನ್ನೊಬ್ಬರು ಒಂದು ಗಂಟೆಯಿಂದ ಕಾದಿರುತ್ತಾರೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ದಾರಿ ತೆರೆದಿರುತ್ತದೆ. ಹೋದರೆ ಸೂರ್ಯ ಹುಟ್ಟುವ ಮೊದಲೇ ದಡದಲ್ಲಿರಿ. ಗಾಳಿ ಎದ್ದಿದ್ದರೆ ಆ ಕಲಕಿದ ನೀರನ್ನೇ ತೆಗೆದುಕೊಂಡು ಬನ್ನಿ, ದಯವಿಟ್ಟು ಬೆಟ್ಟವನ್ನು ಅಂಟಿಸಬೇಡಿ.