ಮರಿಗಳ ಬಣ್ಣದ ಬೆನ್ನು ಹತ್ತಿ ಸೊರಬದವರೆಗೆ

ಶಿಕಾರಿಪುರ, ಸೊರಬ ಎರಡೂ ಶಿವಮೊಗ್ಗ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಎರಡೂ ಊರಿನ ಹೆಸರಿನಲ್ಲಿ ಪ್ರಾಣಿಗಳ ಸುಳಿವಿದೆ. ಹಿಂದೆ ಇಲ್ಲಿನ ಕಾಡಿನಲ್ಲಿ ಬೇಟೆ ಹೇರಳವಾಗಿ ಸಿಗುತ್ತಿತ್ತು, ಅದಕ್ಕೇ ಶಿಕಾರಿಪುರ ಎನ್ನುತ್ತಾರೆ ಹಿರಿಯರು. ದಂಡಾವತಿ ನದಿಯ ದಡದ ಸೊರಬಕ್ಕೆ ಸುರಭಿ ಎಂಬ ಹಸುವಿನಿಂದ ಹೆಸರು ಬಂತೆಂದು ಅಲ್ಲಿನವರು ಹೇಳುತ್ತಾರೆ. ಬೇಟೆಯ ಊರಿನಿಂದ ಹಸುವಿನ ಊರಿಗೆ ಹೋಗುವ ದಾರಿಯಲ್ಲಿ ನಾವು ಹುಡುಕಿ ಹೊರಟದ್ದು ಮಾತ್ರ ನಾಯಿಮರಿಗಳನ್ನು.

ಸೊರಬದ ಸ್ನೇಹಿತರೊಬ್ಬರ ಮನೆಯಲ್ಲಿ ಕಾಕರ್ ಸ್ಪ್ಯಾನಿಯಲ್ ಜಾತಿಯ ನಾಯಿ ಮರಿ ಹಾಕಿತ್ತು. ಆರನೇ ತರಗತಿಯ ಮೊಮ್ಮಗಳಿಗೂ ಮೂರನೇ ತರಗತಿಯ ಮೊಮ್ಮಗನಿಗೂ ರಜೆ. "ಅಜ್ಜಾ, ಅವರ ಮನೆ ನಾಯಿ ನೀಲಿಯಂತೆ. ನೀಲಿ ನಾಯಿ ಇರುತ್ತಾ?" ಎಂದು ಮೊಮ್ಮಗಳು ಮೂರು ದಿನದಿಂದ ಕೇಳುತ್ತಿದ್ದಳು. ನಾನು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು. ನೋಡದೆ ಉತ್ತರ ಹೇಳುವುದು ಬೇಡವೆಂದು ಬೆಳಿಗ್ಗೆಯೇ ಹೊರಟೆವು.

ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿಯಲ್ಲಿ ಇಳಿದೆವು. ಇದು ಅಲ್ಲಮಪ್ರಭುಗಳ ಊರು. ಕೇದಾರೇಶ್ವರ ದೇವಸ್ಥಾನವನ್ನು ಒಂದು ಸುತ್ತು ಹಾಕಿ ಬರುವಾಗ ಪಕ್ಕದ ಬೀದಿಯ ಹುಲ್ಲಿನ ಬಣವೆಯ ಕೆಳಗೆ ಕಂದು ಬಣ್ಣದ ಊರನಾಯಿಯೊಂದು ಮಲಗಿತ್ತು. ಅದರ ಹೊಟ್ಟೆಗೆ ಐದು ಮರಿ ಅಂಟಿಕೊಂಡಿದ್ದವು. ಒಂದು ಅಚ್ಚ ಕಪ್ಪು, ಎರಡು ಕೆಂಪು, ಒಂದು ಕಪ್ಪು ಬಿಳುಪಿನ ಹಂಡ. ಐದನೆಯದಕ್ಕೆ ಕೆಂಪು ಮೈ, ನಾಲ್ಕು ಬಿಳಿ ಕಾಲ್ಚೀಲ, ಎದೆಯ ಮೇಲೊಂದು ಬಿಳಿ ಮಚ್ಚೆ.

"ಅಮ್ಮ ಒಂದೇ, ಮರಿಗಳು ಯಾಕೆ ಬೇರೆ ಬೇರೆ?" ಎಂದ ಮೊಮ್ಮಗ.

ಮಕ್ಕಳೇ, ನಾಯಿಯ ಮೈಯಲ್ಲಿ ಬಣ್ಣದ ಡಬ್ಬಿಗಳು ಇರುವುದು ಎರಡೇ. ಒಂದು ಕಪ್ಪು, ಇನ್ನೊಂದು ಕೆಂಪು. ಕಪ್ಪು ಕೆಲವು ನಾಯಿಗಳಲ್ಲಿ ಕಾಫಿಪುಡಿಯಂತೆ ಕಂದಾಗುತ್ತದೆ. ಕೆಂಪು ತೆಳುವಾದರೆ ಚಿನ್ನದ ಬಣ್ಣ, ಇನ್ನೂ ತೆಳುವಾದರೆ ಕೆನೆಯ ಬಣ್ಣ. ಹಾಗಾದರೆ ಬಿಳಿ? ಬಿಳಿ ಎಂದರೆ ಅಲ್ಲಿ ಬಣ್ಣವೇ ಬಿದ್ದಿಲ್ಲ ಎಂದರ್ಥ. ಮರಿ ತಾಯಿಯ ಹೊಟ್ಟೆಯಲ್ಲಿರುವಾಗ ಬಣ್ಣ ತಯಾರಿಸುವ ಕಣಗಳು ಬೆನ್ನಿನ ಉದ್ದಕ್ಕೂ ಹುಟ್ಟಿ, ಅಲ್ಲಿಂದ ಕೆಳಗೆ ಸರಿಯುತ್ತಾ ಹೋಗುತ್ತವೆ. ಬೆರಳ ತುದಿ, ಎದೆ, ಬಾಲದ ತುದಿ ಅವಕ್ಕೆ ದೂರದ ಊರುಗಳು. ಕಣಗಳು ಅಲ್ಲಿಗೆ ಮುಟ್ಟದಿದ್ದರೆ ಆ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ಕಾಲ್ಚೀಲ ಹಾಕಿದ ನಾಯಿಗಳು ಅಷ್ಟೊಂದು ಕಾಣುವುದು ಇದರಿಂದಲೇ.

ಇನ್ನೊಂದು ಮಾತೂ ಇದೆ. ಊರನಾಯಿಯ ಒಂದೇ ಸೂಲಿನ ಮರಿಗಳಿಗೆ ಒಬ್ಬನೇ ಅಪ್ಪ ಇರಬೇಕೆಂದಿಲ್ಲ. ಅದಕ್ಕೇ ಬಣವೆಯ ಕೆಳಗೆ ಅಷ್ಟು ಬಣ್ಣ.

ಮರಿಗಳಿಗೆ ಹಾಲು ತಂದ ಅಜ್ಜಿಯೊಬ್ಬರು, "ಕೆಂಪು ಗಂಡುಮರಿ ಎರಡನ್ನೂ ಆಗಲೇ ಕೇಳಿಟ್ಟಾರ್ರೀ. ಕರೇದು ಹೆಣ್ಣು, ಅದನ್ನ ಯಾರೂ ಕೇಳಿಲ್ಲ" ಎಂದರು. ಕಪ್ಪು ನಾಯಿ ಅಪಶಕುನ, ಕೆಂಪು ನಾಯಿ ಚುರುಕು ಎಂಬ ಮಾತುಗಳು ನಮ್ಮ ಕಡೆ ಇನ್ನೂ ಇವೆ. ನಾಯಿಯ ಗುಣ ಬಣ್ಣದಿಂದ ಬರುವುದಿಲ್ಲ. ಅದು ಬೆಳೆದ ರೀತಿ, ತಂದೆತಾಯಿಯ ಸ್ವಭಾವ, ಚಿಕ್ಕಂದಿನಲ್ಲಿ ಮನುಷ್ಯರ ಕೈ ಸೋಕಿದೆಯೋ ಇಲ್ಲವೋ ಎಂಬುದೇ ಮುಖ್ಯ.

ಬಳ್ಳಿಗಾವಿಯ ವೀರಗಲ್ಲುಗಳನ್ನು ನೋಡುವಾಗ ಮಕ್ಕಳಿಗೆ ಆತಕೂರಿನ ಕಥೆ ಹೇಳಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರ ಕಲ್ಲೊಂದು ಸಿಕ್ಕಿತು. ಗಂಗರ ದೊರೆ ಬೂತುಗನಿಂದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ನಮ್ಮವರು ಕಲ್ಲು ನಿಲ್ಲಿಸಿದ್ದು ನಾಯಿಯ ಧೈರ್ಯಕ್ಕೆ, ಬಣ್ಣಕ್ಕಲ್ಲ.

ಶಿರಾಳಕೊಪ್ಪದಿಂದ ಬಸ್ಸು ಗದ್ದೆ, ಅಡಿಕೆ ತೋಟ, ಕೆರೆಗಳ ನಡುವೆ ಸೊರಬಕ್ಕೆ ಸಾಗಿತು. ದಾರಿಯುದ್ದಕ್ಕೂ ಮೇಯುತ್ತಿದ್ದ ಮಲೆನಾಡು ಗಿಡ್ಡ ದನಗಳನ್ನು ಮೊಮ್ಮಗಳು ಬಣ್ಣ ಹಿಡಿದು ಎಣಿಸಿದಳು. ಕರಿ, ಕೆಂದ, ಕಂದು, ಬೂದು, ಹಂಡ, ಚುಕ್ಕಿ, ಹಣೆಯಲ್ಲಿ ಬೊಟ್ಟು. ದನ ಸಾಕಿದ ನಾಡಿನ ಭಾಷೆಯಲ್ಲಿ ಮೈಬಣ್ಣಕ್ಕೆ ಎಷ್ಟು ಹೆಸರು ನೋಡಿ!

ಕಾಕರ್ ಸ್ಪ್ಯಾನಿಯಲ್ ಇಂಗ್ಲೆಂಡಿನ ಬೇಟೆನಾಯಿ. ಪೊದೆಗೆ ನುಗ್ಗಿ ವುಡ್‌ಕಾಕ್ ಎಂಬ ಹಕ್ಕಿಯನ್ನು ಎಬ್ಬಿಸುವುದು ಅದರ ಕೆಲಸ, ಹೆಸರಿನ ಕಾಕರ್ ಬಂದದ್ದು ಅಲ್ಲಿಂದ. ಇಂಗ್ಲೆಂಡಿನ ಕೆನಲ್ ಕ್ಲಬ್ 1890ರ ದಶಕದಲ್ಲಿ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಉದ್ದ ಕಿವಿ, ರೇಷ್ಮೆಯಂಥ ಕೂದಲು, ಸದಾ ಅಲ್ಲಾಡುವ ಬಾಲ.

ಸೊರಬದ ಮನೆಯ ಜಗುಲಿಯಲ್ಲಿ ತಾಯಿನಾಯಿ ನಮ್ಮನ್ನು ಎದುರುಗೊಂಡಿತು. ಮೊಮ್ಮಗಳು ಮಂಡಿಯೂರಿ ಕೂತು ಅದರ ಮೈಕೂದಲನ್ನು ಬಿಡಿಸಿ ನೋಡಿದಳು. "ಅಜ್ಜಾ, ನೀಲಿ ಎಲ್ಲಿದೆ? ಒಂದು ಕೂದಲು ಕಪ್ಪು, ಒಂದು ಬಿಳಿ!" ಎಂದಳು. ಅಷ್ಟೇ ಗುಟ್ಟು. ಕಪ್ಪು ಮತ್ತು ಬಿಳಿ ಕೂದಲು ಒತ್ತೊತ್ತಾಗಿ ಬೆರೆತರೆ ದೂರದಿಂದ ಮಳೆಮೋಡದ ಬಣ್ಣ ಕಾಣುತ್ತದೆ. ಇದಕ್ಕೆ ಬ್ಲೂ ರೋನ್ ಎನ್ನುತ್ತಾರೆ. ಕೆಂಪು ಮತ್ತು ಬಿಳಿ ಬೆರೆತರೆ ಆರೆಂಜ್ ರೋನ್.

ಒಳಗೆ ಐದು ವಾರದ ಆರು ಮರಿಗಳಿದ್ದವು. ಮೂರರ ಮೈಯಲ್ಲಿ ಕಪ್ಪು, ಮೂರರಲ್ಲಿ ಕಿತ್ತಳೆ. ಮನೆಯೊಡತಿ ಮರಿ ಹುಟ್ಟಿದ ದಿನದ ಫೋಟೊ ತೋರಿಸಿದರು. "ನೋಡಿ ಮಾಸ್ಟ್ರೇ, ಹುಟ್ಟಿದಾಗ ಎಲ್ಲಾ ಹಾಲಿನ ಮೇಲೆ ಶಾಯಿ ಚೆಲ್ಲಿದ ಹಾಗಿದ್ವು. ಈಗ ಇದರ ಬಿಳಿಯೆಲ್ಲಾ ಬೂದಿ ಆಗ್ತಿದೆ. ಕಪ್ಪು ಬಿಳುಪಿನ ಮರಿ ಬೇಕು ಅಂತ ಹೇಳಿಟ್ಟವರು ಈಗ ಬಣ್ಣ ಕೆಟ್ಟಿದೆ, ಬೇಡ ಅಂತಾರೆ" ಎಂದು ನಕ್ಕರು.

ಬಣ್ಣ ಕೆಟ್ಟಿರಲಿಲ್ಲ. ರೋನ್ ಮರಿಗಳು ಹುಟ್ಟುವಾಗ ಬಿಳಿ ಮೈ, ದೊಡ್ಡ ಪಟ್ಟೆಗಳೊಂದಿಗೇ ಹುಟ್ಟುತ್ತವೆ. ಕೆಲವು ವಾರಗಳ ನಂತರ ಬಿಳಿಯ ನಡುವೆ ಬಣ್ಣದ ಕೂದಲು ಮೂಡತೊಡಗುತ್ತದೆ. ಚಿನ್ನದ ಬಣ್ಣದ ಮರಿಗಳೂ ಹೀಗೆಯೇ, ದೊಡ್ಡದಾದಂತೆ ಗಾಢವಾಗಬಹುದು. ಮರಿಯ ಕಿವಿಯ ಬಣ್ಣ ನೋಡಿದರೆ ಮುಂದಿನ ಮೈಬಣ್ಣದ ಅಂದಾಜು ಸಿಗುತ್ತದೆ.

"ಕಪ್ಪು ಅಮ್ಮನಿಗೆ ಕಿತ್ತಳೆ ಮರಿ ಹೇಗೆ?" ಎಂಬುದು ಮೊಮ್ಮಗಳ ಮುಂದಿನ ಪ್ರಶ್ನೆ. ನಾನು ಕಾಗದ ಹರಿದು ಚೀಟಿ ಮಾಡಿದೆ. ಪ್ರತಿ ನಾಯಿಯ ಬಳಿಯೂ ಎರಡು ಚೀಟಿ ಇರುತ್ತವೆ, ಒಂದು ಅಮ್ಮ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. "ಕಪ್ಪು ಬರಲಿ" ಎಂಬ ಚೀಟಿ ಒಂದಿದ್ದರೂ ಸಾಕು, ಕಪ್ಪು ಕಾಣುತ್ತದೆ. ಎರಡೂ "ಕಪ್ಪು ಬೇಡ" ಎಂದಿದ್ದರೆ ಮಾತ್ರ ಮೈ ಕಿತ್ತಳೆ ಅಥವಾ ಚಿನ್ನ. ಈ ಮರಿಗಳ ಅಪ್ಪ ಕಿತ್ತಳೆ ಬಿಳುಪಿನ ನಾಯಿ, ಅದರ ಬಳಿ ಎರಡೂ "ಬೇಡ" ಚೀಟಿ. ಅಮ್ಮನ ಬಳಿ ಒಂದು "ಬರಲಿ", ಬಚ್ಚಿಟ್ಟ ಒಂದು "ಬೇಡ". ಬಚ್ಚಿಟ್ಟ ಚೀಟಿ ಸಿಕ್ಕ ಮರಿ ಕಿತ್ತಳೆಯಾಯಿತು. ಹೀಗೆ ಎರಡು ಕಪ್ಪು ಕಾಕರ್‌ಗಳಿಗೆ ಚಿನ್ನದ ಮರಿ ಹುಟ್ಟಬಹುದು, ಆದರೆ ಎರಡು ಚಿನ್ನದ ಕಾಕರ್‌ಗಳಿಗೆ ಕಪ್ಪು ಮರಿ ಹುಟ್ಟುವುದಿಲ್ಲ. ಬಳ್ಳಿಗಾವಿಯ ಊರನಾಯಿಯ ಕೆಂಪಿಗೆ ಬೇರೆ ಚೀಟಿಗಳಿವೆ, ಅಲ್ಲಿ ಈ ಲೆಕ್ಕ ಹಾಕಬೇಡಿ. ಅಜ್ಜನ ಮೂಗು ಮೊಮ್ಮಗನಿಗೆ ಬಂದು, ನಡುವಿನ ಅಪ್ಪನಿಗೆ ಬಾರದಿರುವುದನ್ನು ನಿಮ್ಮ ಮನೆಯಲ್ಲೂ ಕಂಡಿರಬಹುದು.

ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿತ್ತು. ಐದು ಮರಿಗಳು ಬೆಚ್ಚಿ ತಲೆಯೆತ್ತಿದವು. ಹೆಚ್ಚು ಬಿಳಿಯಿದ್ದ ಆರನೆಯದು ಮಾತ್ರ ನಿದ್ದೆಯಲ್ಲೇ ಇತ್ತು. "ಅದು ಮಹಾ ಸೋಮಾರಿ, ಕರೆದರೂ ಬರಲ್ಲ" ಎಂದರು ಮನೆಯೊಡತಿ. ಅದು ಎದ್ದ ಮೇಲೆ, ಗಾಳಿ ಸೋಕದಷ್ಟು ದೂರದಲ್ಲಿ, ಅದಕ್ಕೆ ಕಾಣದಂತೆ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ತಿರುಗಲಿಲ್ಲ. ಮತ್ತೆ ಮತ್ತೆ ತಟ್ಟಿದರೂ ಇಲ್ಲ. ನೆಲಕ್ಕೆ ಕಾಲು ಕುಟ್ಟಿದಾಗ ತಟ್ಟನೆ ತಿರುಗಿತು.

ಒಳಕಿವಿಯೊಳಗೂ ಆ ಬಣ್ಣದ ಕಣಗಳು ಇರಬೇಕು. ಕಿವಿ ಕೇಳಲು ಅವು ಸಹಾಯ ಮಾಡುತ್ತವೆ. ಅವು ಅಲ್ಲಿಗೆ ತಲುಪದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಕಿವುಡು ಬರುತ್ತದೆ. ಹೆಚ್ಚು ಬಿಳಿಯಿರುವ ನಾಯಿಗಳೆಲ್ಲ ಕಿವುಡಲ್ಲ, ಬಹುಪಾಲು ಚೆನ್ನಾಗಿಯೇ ಕೇಳಿಸಿಕೊಳ್ಳುತ್ತವೆ. ಆದರೆ ಪರೀಕ್ಷಿಸಿ ನೋಡಬೇಕು. ಪಶುವೈದ್ಯರಿಗೆ ತೋರಿಸಿ ಎಂದೆ.

ಮನೆಯೊಡತಿ ಸುಮ್ಮನಾದರು. ಮೊಮ್ಮಗನ ಕಣ್ಣಲ್ಲಿ ನೀರು ಬಂತು. "ಇದನ್ನ ಯಾರೂ ತಗೊಳ್ಳಲ್ವಾ?" ಎಂದ. ಆಗ ಮೂಲೆಯ ಕುರ್ಚಿಯಲ್ಲಿದ್ದ ಮನೆಯೊಡತಿಯ ಅತ್ತೆ, ಏನಾಯಿತೆಂದು ಸನ್ನೆಯಲ್ಲೇ ಕೇಳಿದರು. ಸೊಸೆ ಅವರ ಕಿವಿಯ ಬಳಿ ಬಾಗಿ ಜೋರಾಗಿ ಹೇಳಿದರು. ಅಜ್ಜಿ ಕೈಚಾಚಿ ಮರಿಯನ್ನು ಮಡಿಲಿಗೆ ಹಾಕಿಕೊಂಡು, "ನನಗೂ ಕೇಳಲ್ಲ, ಇದಕ್ಕೂ ಕೇಳಲ್ಲ. ನಮ್ಮಿಬ್ಬರಿಗೂ ಸರಿಹೋಯ್ತು ಬಿಡು" ಎಂದರು. ಕಿವುಡು ನಾಯಿ ಕೈಸನ್ನೆ ಕಲಿಯುತ್ತದೆ, ನೆಲದ ಅದುರಿಗೆ ತಿರುಗುತ್ತದೆ. ರಸ್ತೆಗೆ ಹಗ್ಗವಿಲ್ಲದೆ ಬಿಡಬಾರದು, ಮಲಗಿದ್ದಾಗ ಮುಟ್ಟಿ ಬೆಚ್ಚಿಬೀಳಿಸಬಾರದು, ಅಷ್ಟೆ.

ಮನೆಗೆ ಮರಿ ತರಬೇಕೆಂದಿರುವ ಅಜ್ಜ ಅಜ್ಜಿಯರಿಗೆ ಒಂದೆರಡು ಮಾತು. ಮರಿಯ ಜೊತೆ ತಾಯಿಯನ್ನೂ ನೋಡಿ, ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ. ನಮ್ಮ ದೇಶದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಮೃತಶಿಲೆಯಂತೆ ಬೂದುಗೆರೆಯ 'ಮರ್ಲ್' ಬಣ್ಣವನ್ನು ಅಪರೂಪದ್ದೆಂದು ಹೇಳಿ ಹೆಚ್ಚು ಹಣ ಕೇಳುವವರಿದ್ದಾರೆ. ಅಂಥ ಎರಡು ನಾಯಿಗಳನ್ನು ಕೂಡಿಸಿದರೆ ಮರಿಗಳಿಗೆ ಕಣ್ಣು, ಕಿವಿಯ ದೋಷ ಬರಬಹುದು. ಕಾಕರ್ ತಂದರೆ ಮಲೆನಾಡಿನ ಮಳೆಗಾಲದಲ್ಲಿ ಅದರ ಉದ್ದ ಕಿವಿಯನ್ನು ದಿನವೂ ಒರೆಸಿ ಒಣಗಿಸಬೇಕು, ಉಣ್ಣೆ ಹುಡುಕಿ ತೆಗೆಯಬೇಕು. ಅಷ್ಟು ಬಿಡುವಿಲ್ಲದವರಿಗೆ ಊರನಾಯಿಯ ಮರಿಯೇ ಒಳ್ಳೆಯದು.

ಮಕ್ಕಳಿಗೂ ಒಂದು ಕೆಲಸ. ನಿಮ್ಮ ಬೀದಿಯಲ್ಲಿ ನಾಯಿ ಮರಿ ಹಾಕಿದರೆ ತಾಯಿಗೆ ತೊಂದರೆ ಕೊಡದೆ ದೂರದಿಂದ ನೋಡಿ, ಮರಿಗಳ ಚಿತ್ರ ಬರೆದು ಬಣ್ಣ ತುಂಬಿ. ತಿಂಗಳ ನಂತರ ಮತ್ತೆ ಬರೆಯಿರಿ. ಎಲ್ಲಿ ಬಣ್ಣ ಬದಲಾಯಿತು, ಮೂಗಿನ ತುದಿ ಗುಲಾಬಿಯಿಂದ ಕಪ್ಪಾಯಿತೇ, ಕಾಲ್ಚೀಲ ಹಾಗೇ ಉಳಿಯಿತೇ?

ನೀಲಿಯೇ ಬೇಕೆಂದು ಹೊರಟ ಮೊಮ್ಮಗಳು ಸೊರಬದಲ್ಲಿ ಒಂದೂವರೆ ಗಂಟೆ ನೆಲದ ಮೇಲೆ ಕೂತಿದ್ದಳು. ಕಿತ್ತಳೆ ಮರಿಯೊಂದು ತಾನಾಗಿ ಬಂದು ಅವಳ ಅಂಗೈ ಮೇಲೆ ಗದ್ದವಿಟ್ಟು ಮಲಗಿತು. ಎಂಟು ವಾರ ತುಂಬಿದ ಮೇಲೆ ಅದು ನಮ್ಮ ಮನೆಗೆ ಬರಲಿದೆ. ಕೆಂಪಿ ಎಂದು ಕರೆಯೋಣವೇ ಎಂದು ಕೇಳಿದೆ. "ಬೇಡ ಅಜ್ಜಾ, ಬಣ್ಣ ಇನ್ನೂ ಬದಲಾಗುತ್ತೆ. ಅದು ಹೇಗೆ ಆಡುತ್ತೆ ನೋಡಿ ಹೆಸರಿಡೋಣ" ಎಂದಳು.