ಅರಿವೆ ಹೊದ್ದ ವಿಮಾನ

ಹಿರಿದಾದುದನ್ನು ಕಿರಿದಾಗಿ ಮಾಡಿ ಮನೆಯೊಳಗಿಟ್ಟು ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅಂಗೈಯಗಲದ ಎತ್ತುಗಳು ದೇವರ ಜಗಲಿಯ ಮೇಲೆ ನಿಂತು ಪೂಜೆಗೊಳ್ಳುವುದನ್ನು ವಾಚಕರು ಕಂಡೇ ಇರುವರು. ಆ ಎತ್ತಿನ ಕೋಡು ತುಸು ಉದ್ದವಾದರೂ ಕಾಲು ತುಸು ಗಿಡ್ಡವಾದರೂ ಯಾರೂ ಆಕ್ಷೇಪಿಸುವುದಿಲ್ಲ; ಕೊರತೆಯನ್ನು ಭಕ್ತಿಯು ತುಂಬಿಕೊಡುತ್ತದೆ. ಅಳತೆಗೆ ತಕ್ಕ ಮಾದರಿಯೆಂಬುದು ಬೇರೆ ಜಾತಿಯ ವಸ್ತು. ಅಲ್ಲಿ ಭಕ್ತಿಯ ಜೊತೆಗೆ ಲೆಕ್ಕವೂ ಬೇಕು.

ರಬಕವಿ-ಬನಹಟ್ಟಿಯ ನಮ್ಮ ಮನೆಯಲ್ಲಿ ಈಚೆಗೆ ಮೂರು ತಿಂಗಳ ಕಾಲ, ಸಂಜೆಯ ಬಿಡುವಿನಲ್ಲಿ, ಎರಡನೆಯ ಮಹಾಯುದ್ಧದ ಒಂದು ವಿಮಾನದ ಮಾದರಿಯನ್ನು ನಾವು ಕಟ್ಟಿದೆವು. ಅದರ ಹೆಸರು ಹರಿಕೇನ್. ಸಿಡ್ನಿ ಕ್ಯಾಮ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿಯ ಕಲ್ಪನೆಯಿಂದ ಮೂಡಿದ ಈ ವಿಮಾನವು 1935ರ ನವೆಂಬರಿನಲ್ಲಿ ಮೊದಲ ಸಲ ಹಾರಿತು. ಮುಂದೆ ಇಂಥವು 14,000ಕ್ಕೂ ಮಿಕ್ಕಿ ತಯಾರಾದವು. ಇದರ ಮೇಲೆಯೇ ನಮ್ಮ ಮನಸ್ಸು ಹೋಗಲು ಕಾರಣವುಂಟು. ಇದು ನಮ್ಮವರೂ ಏರಿದ ವಿಮಾನ. 1944ರಲ್ಲಿ ಜಪಾನೀಯರ ಸೈನ್ಯವು ಇಂಫಾಲವನ್ನು ಮುತ್ತಿದಾಗ, ಅರ್ಜನ್ ಸಿಂಗರ ನಾಯಕತ್ವದಲ್ಲಿದ್ದ ಭಾರತೀಯ ವಾಯುದಳದ ಒಂದನೆಯ ಪಡೆಯು ಹರಿಕೇನುಗಳಲ್ಲಿಯೇ ಕಾಡು ಬೆಟ್ಟಗಳ ಮೇಲೆ ಹಾರಿ ಶತ್ರುವಿನ ಚಲನವಲನವನ್ನು ನೋಡಿ ಬರುತ್ತಿತ್ತು.

ನಾವು ಆರಿಸಿಕೊಂಡ ಪ್ರಮಾಣವು 72ಕ್ಕೆ ಒಂದು. ಆರು ಅಡಿಗೆ ಒಂದು ಅಂಗುಲವೆಂದರೆ ಲೆಕ್ಕ ಸುಲಭವಾಗುವುದು. 40 ಅಡಿಯ ರೆಕ್ಕೆಯು ಆರೂ ಮುಕ್ಕಾಲು ಅಂಗುಲಕ್ಕೆ ತುಸು ಕಡಿಮೆಯಾಗಿ ನಿಲ್ಲುತ್ತದೆ. ಈ ಪ್ರಮಾಣವು ಮಕ್ಕಳ ಆಟಕ್ಕಾಗಿ ಮಾತ್ರ ಇದ್ದುದಲ್ಲ. 1942ರಲ್ಲಿ ಅಮೇರಿಕೆಯ ನೌಕಾದಳವು ಶಾಲೆಯ ಮಕ್ಕಳಿಂದ ಇದೇ ಅಳತೆಯ ಐದು ಲಕ್ಷ ಮರದ ಮಾದರಿಗಳನ್ನು ಬೇಡಿತು. ಬರುತ್ತಿರುವುದು ಸ್ವಪಕ್ಷದ ವಿಮಾನವೋ ವೈರಿಯದೋ ಎಂಬುದನ್ನು ನೆರಳುನೋಟದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕೆ ಅವು ಬೇಕಾಗಿದ್ದವು.

ಗೋಕಾಕದ ಬೊಂಬೆಗಾರರು ಬಳಸುವಂಥ ಹಗುರವಾದ ಮರವನ್ನು ತರಿಸಿ ಒಡಲನ್ನೂ ರೆಕ್ಕೆಯನ್ನೂ ಕೆತ್ತಿದೆವು. ಇಷ್ಟರಲ್ಲಿ ಒಂದು ಸಂಗತಿಯು ಮನೆಮಂದಿಯನ್ನೆಲ್ಲ ಬೆರಗುಗೊಳಿಸಿತು. ಯುದ್ಧದ ವಿಮಾನವೆಂದರೆ ಮೂಗಿನಿಂದ ಬಾಲದವರೆಗೂ ಲೋಹವೇ ಎಂದು ನಮ್ಮ ಹುಡುಗನು ನಂಬಿದ್ದನು. ಹರಿಕೇನಿನ ಮುಂಭಾಗಕ್ಕೇನೋ ಲೋಹದ ತಗಡೇ ಹೊದಿಕೆ. ಆದರೆ ಚಾಲಕನ ಆಸನದ ಹಿಂದಿನಿಂದ ಬಾಲದವರೆಗೆ ಉಕ್ಕಿನ ಕೊಳವೆಗಳ ಹಂದರ. ಅದರ ಸುತ್ತ ಮರದ ಸಣ್ಣ ಪಟ್ಟಿಗಳು. ಅವುಗಳ ಮೇಲೆ ಬಿಗಿದುದು ಬಟ್ಟೆ! ಅಗಸೆಯ ನಾರಿನಿಂದ ನೇಯ್ದ ಅರಿವೆ. ಅದಕ್ಕೆ ಡೋಪ್ ಎಂಬ ದ್ರಾವಣವನ್ನು ಬಳಿದರೆ, ಒಣಗಿದಂತೆ ಸೆಳೆದುಕೊಂಡು ತಮ್ಮಟೆಯ ಚರ್ಮದಂತೆ ಬಿಗಿಯಾಗುವುದು. ನೆರೆಮನೆಯ ಹಿರಿಯ ನೇಕಾರರೊಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಗಂಜಿ ಕುಡಿಯದ ನೂಲು ಮಗ್ಗದಲ್ಲಿ ತಾಳೀತೇ? ವಿಮಾನದಲ್ಲಿ ಹೇಗೆ ತಾಳೀತು?” ಎಂದರು.

“ಹಾಗಾದರೆ ನಮ್ಮ ಊರಿನ ಬಟ್ಟೆಯನ್ನೇ ಅಂಟಿಸೋಣ” ಎಂದು ಹುಡುಗನು ಉತ್ಸಾಹಗೊಂಡನು. ಲೆಕ್ಕವು ಅದಕ್ಕೆ ಅಡ್ಡ ಬಂದಿತು. 20ನೆಯ ನಂಬರಿನ ಹತ್ತಿಯ ನೂಲು ಒಂದು ಅಂಗುಲದ 125ನೆಯ ಒಂದು ಭಾಗದಷ್ಟು ದಪ್ಪ. ಅದನ್ನು 72ರಿಂದ ಗುಣಿಸಿದರೆ ಅರ್ಧ ಅಂಗುಲಕ್ಕೂ ಮಿಗಿಲಾಗುವುದು. ಅಂಥ ಬಟ್ಟೆಯನ್ನು ಹೊದಿಸಿದ ವಿಮಾನವು ಹಗ್ಗದ ಚಾಪೆಯಲ್ಲಿ ಸುತ್ತಿದಂತೆ ಕಂಡೀತು! ಬಟ್ಟೆಯನ್ನು ತೋರಿಸಲು ಬಟ್ಟೆಯೇ ಒದಗದು. ಆದರೆ ಆ ಒಂಟಿ ನೂಲು ಒಳಗಿನ ಮರದ ಪಟ್ಟಿಯನ್ನು ತೋರಿಸಲು ಹೊಂದುವಂತಿತ್ತು. ಬನಹಟ್ಟಿಯ ನೂಲನ್ನು ಒಡಲಿನ ಉದ್ದಕ್ಕೂ ಎಳೆ ಎಳೆಯಾಗಿ ಅಂಟಿಸಿ, ಮೇಲೆ ತೆಳ್ಳನೆಯ ಕಾಗದವನ್ನು ಎಳೆದು ಬಣ್ಣ ಹಚ್ಚಿದೆವು. ದೀಪವನ್ನು ಓರೆಯಾಗಿ ಹಿಡಿದರೆ ಬಡ ಎತ್ತಿನ ಪಕ್ಕೆಲುಬಿನಂತೆ ಏಣುಗಳು ನವಿರಾಗಿ ಕಾಣುತ್ತವೆ.

ಬಣ್ಣದಲ್ಲಿಯೂ ಒಂದು ಪಾಠವಿತ್ತು. ಮೇಲ್ಭಾಗಕ್ಕೆ ಕಡುಹಸಿರು ಮತ್ತು ಮಣ್ಣಿನ ಬಣ್ಣ. ಇಂಗ್ಲೆಂಡಿನ ವಿಮಾನಗಳ ಮೇಲಿನ ವರ್ತುಲದ ಗುರುತಿನ ನಡುವೆ ಕೆಂಪು ಬೊಟ್ಟು ಇರುತ್ತಿತ್ತು. ಆದರೆ ಜಪಾನೀಯರ ಗುರುತೂ ಕೆಂಪು ಸೂರ್ಯನೇ. ಅವಸರದಲ್ಲಿ ಕಣ್ಣು ಮೋಸಹೋದರೆ ಸ್ವಪಕ್ಷದವರ ಗುಂಡಿಗೇ ಸಾಯಬೇಕಾದೀತು. ಆದುದರಿಂದ ಈ ಕಡೆಯ ಸಮರಭೂಮಿಯ ವಿಮಾನಗಳಿಂದ ಕೆಂಪನ್ನು ತೆಗೆದುಹಾಕಿದರು. 1944ರ ಹೊತ್ತಿಗೆ ಕಡುನೀಲಿಯ ನಡುವೆ ನಸುನೀಲಿಯ ಬೊಟ್ಟು ಉಳಿಯಿತು. ಹುಡುಗನು ಕೆಂಪೇ ಅಂದವೆಂದು ಹಟ ಹಿಡಿದಿದ್ದನು. ಕಾರಣವನ್ನು ತಿಳಿದ ಮೇಲೆ ತಾನಾಗಿಯೇ ನೀಲಿಯ ಕುಂಚವನ್ನು ಎತ್ತಿಕೊಂಡನು.

ಇಷ್ಟಾದರೂ ನಮ್ಮ ತಾಯಿಯವರಿಗೆ ಈ ಕೆಲಸವು ಮನಸ್ಸಿಗೆ ಬಂದಿರಲಿಲ್ಲ. “ಕೊಲ್ಲುವ ಯಂತ್ರಕ್ಕೆ ಮನೆಯಲ್ಲಿ ಎಡೆಯೇಕೆ?” ಎಂಬುದು ಅವರ ಪ್ರಶ್ನೆ. ಅದು ತಳ್ಳಿಹಾಕುವ ಮಾತಲ್ಲ. ಹೊಳಪು ಬಳಿದು, ಕೆಡಹಿದ ವೈರಿಗಳ ಲೆಕ್ಕವನ್ನು ಮೂಗಿನ ಬಳಿ ಬರೆದು ಇಟ್ಟಿದ್ದರೆ ನಾವೂ ಅವರ ಪಕ್ಷವನ್ನೇ ಹಿಡಿಯುತ್ತಿದ್ದೆವು. ಒಂದು ಸಂಜೆ ಅವರು ಮಾದರಿಯನ್ನು ಕೈಗೆತ್ತಿಕೊಂಡು ನೋಡಿ, “ಒಳಗೆ ಕುಳಿತವನೆಲ್ಲಿ?” ಎಂದರು. ಆಸನವು ಬರಿದಾಗಿತ್ತು. ನಿಂತರೆ ಒಂದು ಅಂಗುಲವೂ ಇಲ್ಲದ ಆ ಮನುಷ್ಯನನ್ನು ಮರದ ಚೂರಿನಲ್ಲಿ ಕೆತ್ತಿ ಕೂಡಿಸಲು ನಮಗೆ ನಾಲ್ಕು ಸಂಜೆ ಹಿಡಿಯಿತು. ಅವನ ಬೆನ್ನಿಗೆ ಉಕ್ಕಿನ ರಕ್ಷಾಫಲಕ. ಅದರಾಚೆಗೆ ಹಂದರ ಮತ್ತು ಅರಿವೆ.

“ಗುಂಡು ಬಂದರೆ?” ಎಂದು ಹುಡುಗನು ಕೇಳಿದನು. ಬಟ್ಟೆಯನ್ನು ತೂರಿಕೊಂಡು ಅದು ಆಚೆಗೆ ಹೋಗುವುದೂ ಉಂಟು. ಆಗ ತೇಪೆ ಹಚ್ಚಿ ಡೋಪ್ ಬಳಿದರೆ ವಿಮಾನವು ಮತ್ತೆ ಹಾರುವುದು. ಮನುಷ್ಯನಿಗೆ ತಗುಲಿದರೆ ತೇಪೆಯಿಲ್ಲ ಎಂದು ಹೇಳಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅಂದಿನಿಂದ ವೈರಿಗಳ ಲೆಕ್ಕವನ್ನು ಬರೆಯಬೇಕೆಂಬ ಬೇಡಿಕೆಯೂ ಅವನಿಂದ ಬರಲಿಲ್ಲ.

ಕೊನೆಗೆ ಚಕ್ರಗಳ ಪ್ರಶ್ನೆ ಉಳಿಯಿತು. ಒಳಗೆ ಮಡಚಿದರೆ ಹಾರುತ್ತಿರುವ ವಿಮಾನ. ಕೆಳಗೆ ಇಳಿಸಿದರೆ ನೆಲದ ಮೇಲಿನ ವಿಮಾನ. ಹಾರುವಂತೆ ತಂತಿಯ ಮೇಲೆ ನಿಲ್ಲಿಸಿದರೆ ಸೊಗಸೆಂದು ಹಲವರು ಹೇಳಿದರು. ನಮ್ಮ ತಾಯಿಯವರು ಒಪ್ಪಲಿಲ್ಲ. “ಅವನು ತಿರುಗಿ ಬಂದಿರಲಿ” ಎಂದರು. ಹಾಗೆಯೇ ಚಕ್ರಗಳನ್ನು ಇಳಿಸಿ ನಿಲ್ಲಿಸಿದ್ದೇವೆ.